ಮನೆಯ ತಕ್ಕು, ಶಾಲೆಯ ನುಡಿ

ಕೊಡಗಿನ ಯಾವುದೇ ಸಂತೆಯಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟವರಿಗೆ ಆ ನಾಡಿನ ಗುಟ್ಟೊಂದು ತಾನಾಗಿಯೇ ತಿಳಿಯುತ್ತದೆ. ಕರಿಮೆಣಸಿನ ಬೆಲೆ ವಿಚಾರಿಸುವ ಗೃಹಸ್ಥನ ಬಾಯಲ್ಲಿ ಕೊಡವ ತಕ್ಕು. ಒಣಮೀನು ಮಾರುವವನ ಬಾಯಲ್ಲಿ ಮಲಯಾಳ. ಬಾಳೆಗೊನೆಯನ್ನು ಗಾಡಿಯಿಂದ ಇಳಿಸುವವರ ನಡುವೆ ಅರೆಭಾಷೆ. ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ತುಳು. ತೋಟದ ಲೈನುಗಳಿಂದ ಬಂದ ಹೆಂಗಸರಲ್ಲಿ ತಮಿಳು. ಸಂತೆಯ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳಲು ಇಷ್ಟವಿಲ್ಲದವರಂತೆ ನಿಂತಿರುವ ಯರವರಲ್ಲಿ ಅವರದೇ ಆದ ನುಡಿ. ಇಷ್ಟು ಮಾತುಗಳ ನಡುವೆಯೂ ವ್ಯಾಪಾರಕ್ಕೆ ತೊಡಕಿಲ್ಲ. ಒಬ್ಬೊಬ್ಬರೂ ಇನ್ನೊಬ್ಬರ ಭಾಷೆಯಲ್ಲಿ ಹತ್ತಾರು ಮಾತುಗಳನ್ನು ಬಲ್ಲರು. ಉಳಿದುದನ್ನು ಕೈಸನ್ನೆ ಪೂರೈಸುತ್ತದೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಒಟ್ಟು ಜನಸಂಖ್ಯೆ 5,54,519. ಇಷ್ಟು ಚಿಕ್ಕ ನಾಡಿನಲ್ಲಿ ಇಷ್ಟೊಂದು ನುಡಿಗಳು ಒಂದರ ಮಗ್ಗುಲಲ್ಲಿ ಒಂದು ಬಾಳಿ ಬಂದಿರುವುದು ಸಾಮಾನ್ಯ ಸಂಗತಿಯಲ್ಲ.

ಆದರೆ ಶಾಲೆಯ ಗಂಟೆ ಬಾರಿಸಿತೆಂದರೆ ಈ ನುಡಿಗಳೆಲ್ಲ ಹೊಸಿಲಿನಿಂದ ಆಚೆಯೇ ನಿಲ್ಲುತ್ತವೆ. ಒಳಗೆ ನಡೆಯುವುದು ಕನ್ನಡ.

ಈ ಕನ್ನಡ ಕೊಡಗಿಗೆ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಹಾಲೇರಿ ವಂಶದ ಅರಸರ ಆಸ್ಥಾನದ ಭಾಷೆ ಕನ್ನಡವಾಗಿತ್ತು. 1809ರಲ್ಲಿ ತೀರಿಕೊಂಡ ದೊಡ್ಡವೀರರಾಜೇಂದ್ರನು ಬರೆಯಿಸಿದ ‘ರಾಜೇಂದ್ರನಾಮೆ’ಯೂ ಕನ್ನಡದ್ದೇ. 1834ರಲ್ಲಿ ಇಂಗ್ಲಿಷರು ಕೊಡಗನ್ನು ಕೈವಶ ಮಾಡಿಕೊಂಡ ಮೇಲೂ ಹಳ್ಳಿಯ ಶಾಲೆಗಳಲ್ಲಿ ಕನ್ನಡವೇ ಉಳಿಯಿತು; ಮಡಿಕೇರಿಯ ದೊಡ್ಡ ಶಾಲೆಯಲ್ಲಿ ಅದರ ಮೇಲೊಂದು ಅಂತಸ್ತಿನಂತೆ ಇಂಗ್ಲಿಷು ಕುಳಿತಿತು. ಹೀಗೆ ಕೊಡವರ ಮನೆಗಳಲ್ಲಿ ಒಂದು ವಿಚಿತ್ರವಾದ ಏರ್ಪಾಡು ನೆಲೆಗೊಂಡಿತು. ಮಾತನಾಡುವುದು ಒಂದು ಭಾಷೆ, ಬರೆಯುವುದು ಇನ್ನೊಂದು ಭಾಷೆ. ಜಮೀನಿನ ಪತ್ರ, ಮದುವೆಯ ಕರೆಯೋಲೆ, ಮಗನಿಗೆ ಬರೆಯುವ ಕಾಗದ, ಎಲ್ಲವೂ ಕನ್ನಡದಲ್ಲಿ. ಬೈಗುಳ, ಲಾಲಿ, ಹರಕೆ, ಸಾವಿನ ಮನೆಯ ಅಳು, ಇವೆಲ್ಲ ತಕ್ಕಿನಲ್ಲಿ. ಹಿರಿಯರಿಗೆ ಇದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ವಿಚಿತ್ರವೆನಿಸುತ್ತಿದ್ದುದು ಆರು ವರ್ಷದ ಮಕ್ಕಳಿಗೆ. ಅವರನ್ನು ಯಾರೂ ಕೇಳುತ್ತಿರಲಿಲ್ಲ.

ದಕ್ಷಿಣ ಕೊಡಗಿನ ಒಂದು ಹಳ್ಳಿಯಲ್ಲಿ ಅಂತಹ ಹುಡುಗನೊಬ್ಬನಿದ್ದ. ಅವನು ಶಾಲೆಗೆ ಸೇರಿದ್ದು 1956ರ ಜೂನ್ ತಿಂಗಳಲ್ಲಿ. ಆಗ ಕೊಡಗು ತನ್ನದೇ ಆದ ಒಂದು ಪುಟ್ಟ ರಾಜ್ಯವಾಗಿತ್ತು. ಅದೇ ನವೆಂಬರ್ 1ರಂದು ಅದು ವಿಶಾಲ ಮೈಸೂರಿನಲ್ಲಿ ಸೇರಿತು. ಹುಡುಗನಿಗೆ ಇದೊಂದೂ ತಿಳಿಯದು. ಅವನಿಗೆ ತಿಳಿದಿದ್ದುದು ಎಡೆಬಿಡದ ಮಳೆ, ತಲೆಯ ಮೇಲಿನ ಕಂಬಳಿಕೊಪ್ಪೆ, ಗದ್ದೆಯ ಬದುವಿನ ಮೇಲೆ ಒಂದೂವರೆ ಮೈಲಿಯ ನಡಿಗೆ, ನಡಿಗೆಯ ಕೊನೆಗೆ ಹೆಂಚಿನ ಮಾಡಿನ ಒಂದು ಕೊಠಡಿ. ಅಲ್ಲಿ ಕರಾವಳಿಯ ಕಡೆಯಿಂದ ಬಂದ, ಬಿಳಿಯ ಪಂಚೆ ಉಟ್ಟ ಒಬ್ಬ ಉಪಾಧ್ಯಾಯರು.

ಮೊದಲ ತೊಡಕು ಬಂದದ್ದು ಒಂದು ಕತೆಯಿಂದ. ಎಟುಕದ ದ್ರಾಕ್ಷಿಯನ್ನು ಹುಳಿಯೆಂದು ಹಳಿದು ಹೋದ ನರಿಯ ಕತೆ ಯಾರಿಗೆ ಗೊತ್ತಿಲ್ಲ? ಉಪಾಧ್ಯಾಯರು ಅದನ್ನು ಸೊಗಸಾಗಿ ಹೇಳಿದರು. ಉಳಿದ ಮಕ್ಕಳು ನಕ್ಕರು. ಈ ಹುಡುಗ ಮಾತ್ರ ಕಣ್ಣರಳಿಸಿ ಕುಳಿತಿದ್ದ. ಏಕೆಂದರೆ ಕೊಡವ ತಕ್ಕಿನಲ್ಲಿ ‘ನರಿ’ ಎಂದರೆ ಹುಲಿ. ಹಿಂದಿನ ಕಾಲದಲ್ಲಿ ಹುಲಿಯನ್ನು ಕೊಂದ ವೀರನಿಗೆ ಮದುವಣಿಗನಂತೆ ಶೃಂಗಾರ ಮಾಡಿ ನಡೆಸುತ್ತಿದ್ದ ಸಮಾರಂಭದ ಹೆಸರೇ ‘ನರಿ ಮಂಗಲ’. ಅಂತಹ ಮಂಗಲ ಮಾಡಿಸಿಕೊಂಡ ಹಿರಿಯರೊಬ್ಬರ ಕತೆಯನ್ನು ಹುಡುಗ ಮನೆಯಲ್ಲಿ ನೂರು ಸಲ ಕೇಳಿದ್ದ. ಈಗ ಆ ಪಟ್ಟೆಯ ಮೈಯ ಪ್ರಾಣಿ ದ್ರಾಕ್ಷಿಯ ಚಪ್ಪರದ ಕೆಳಗೆ ನಿಂತು ಹಾರುತ್ತಿದೆ, ಸಿಕ್ಕದೆ ಬಾಲ ಮಡಿಸಿ ಹೋಗುತ್ತಿದೆ! ‘ನರಿ ಏಕೆ ಹೊರಟುಹೋಯಿತು?’ ಎಂದು ಉಪಾಧ್ಯಾಯರು ಕೇಳಿದಾಗ ಅವನು ತನಗೆ ಬಂದಷ್ಟು ಕನ್ನಡದಲ್ಲಿ, ‘ದನ ಇರಲಿಲ್ಲ, ಅದಕ್ಕೆ’ ಎಂದ. ಉಪಾಧ್ಯಾಯರಿಗೆ ಅರ್ಥವಾಗಲಿಲ್ಲ. ಹುಡುಗನು ಪಾಠದ ಮೇಲೆ ಗಮನವಿಟ್ಟಿಲ್ಲವೆಂದು ಭಾವಿಸಿ ಅವನನ್ನು ನಿಲ್ಲಿಸಿದರು. ಕತೆಯನ್ನು ಅವನಷ್ಟು ಗಮನವಿಟ್ಟು ಕೇಳಿದವರು ಆ ಕೊಠಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಎರಡನೆಯ ತೊಡಕು ಊಟದ್ದು. ‘ಮಧ್ಯಾಹ್ನ ಏನು ಉಂಡೆ?’ ಎಂಬ ಪ್ರಶ್ನೆಗೆ ಹುಡುಗ ‘ಕೂಳು’ ಎಂದು ಉತ್ತರ ಕೊಟ್ಟ. ಕೊಡವರ ಮನೆಯಲ್ಲಿ ಅನ್ನಕ್ಕೆ ಇರುವ ಹೆಸರೇ ಅದು. ಮದುವೆಯ ದಿನ ನೆಂಟರಿಗೆ ಬಡಿಸುವ ತುಪ್ಪದ ಅನ್ನವೂ ‘ನೈ ಕೂಳ್’. ಆದರೆ ಈಗಿನ ಕನ್ನಡದಲ್ಲಿ ಕೂಳು ಎಂಬುದು ಹಂಗಿನ ಅನ್ನಕ್ಕೆ, ತಿರಸ್ಕಾರದ ಅನ್ನಕ್ಕೆ ಸಲ್ಲುವ ಮಾತಾಗಿಬಿಟ್ಟಿದೆ. ಅಂಗಡಿಬೀದಿಯ ಕಡೆಯ ಇಬ್ಬರು ಹುಡುಗರು ಕಿಸಕ್ಕನೆ ನಕ್ಕರು. ಹುಡುಗನಿಗೆ ನಗೆಯ ಕಾರಣ ತಿಳಿಯಲಿಲ್ಲ. ತನ್ನ ಮನೆಯ ಊಟದಲ್ಲಿ ಏನೋ ಕುಂದಿದೆ ಎಂಬುದಷ್ಟು ತಿಳಿಯಿತು. ಮಕ್ಕಳು ಭಾಷೆಯನ್ನು ಹೀಗೆಯೇ ಕಲಿಯುತ್ತಾರೆ: ಮೊದಲು ಮಾತನ್ನು, ಆ ಬಳಿಕ ಆ ಮಾತಿಗೆ ನಾಚಿಕೊಳ್ಳುವುದನ್ನು.

ಆದರೆ ಎಲ್ಲಕ್ಕಿಂತ ದೊಡ್ಡ ಅನಾಹುತ ನಡೆದದ್ದು ‘ನೀನು’ ಎಂಬ ಎರಡಕ್ಷರದಿಂದ. ಒಬ್ಬ ವ್ಯಕ್ತಿಯನ್ನು ಗೌರವಕ್ಕಾಗಿ ಬಹುವಚನದಲ್ಲಿ ಕರೆಯುವ ರೂಢಿ ಕೊಡವ ತಕ್ಕಿಗೆ ಸಹಜವಾದುದಲ್ಲ. ಅಜ್ಜನಾಗಲಿ, ಊರಿನ ತಕ್ಕಮುಖ್ಯಸ್ಥನಾಗಲಿ, ದೇವರಾಗಲಿ, ಒಬ್ಬನೆಂದರೆ ಒಬ್ಬನೇ. ಗೌರವವೇನಿದ್ದರೂ ಬಾಗಿ ಕಾಲುಮುಟ್ಟುವುದರಲ್ಲಿ, ಎದುರಿಗೆ ಕುಳಿತುಕೊಳ್ಳದಿರುವುದರಲ್ಲಿ. ಆ ಹುಡುಗ ಒಂದು ಬೆಳಗ್ಗೆ ತುಂಬು ಪ್ರೀತಿಯಿಂದ ಉಪಾಧ್ಯಾಯರ ಮುಂದೆ ಬಾಗಿ ನಿಂತು, ‘ನೀನು ನಿನ್ನೆ ಏಕೆ ಬರಲಿಲ್ಲ?’ ಎಂದು ಕೇಳಿಬಿಟ್ಟ. ಉಪಾಧ್ಯಾಯರ ಮುಖ ಕೆಂಪಾಯಿತು. ಬೆತ್ತ ಮೇಜಿನ ಮೇಲೆಯೇ ಇತ್ತು.

ಬೆತ್ತ ಏಳಲಿಲ್ಲ. ಆ ಉಪಾಧ್ಯಾಯರು ಸಂಜೆ ಹುಡುಗನ ಜೊತೆಯಲ್ಲಿಯೇ ಅವನ ಮನೆಗೆ ಹೊರಟರು. ಜಗಲಿಯಲ್ಲಿ ಕುಳಿತಿದ್ದ ಅಜ್ಜನ ಕಾಲನ್ನು ಮುಟ್ಟಿ ನಮಸ್ಕರಿಸಿದ ಹುಡುಗ, ಅದೇ ಉಸಿರಿನಲ್ಲಿ ಅವರನ್ನು ಏಕವಚನದಲ್ಲಿ ಮಾತನಾಡಿಸಿದ್ದನ್ನು ಕಣ್ಣಾರೆ ಕಂಡರು. ದೂರು ಹೇಳಬೇಕೆಂದು ಬಂದವರು ಏನನ್ನೂ ಹೇಳದೆ ಕಾಫಿ ಕುಡಿದು ಹಿಂದಿರುಗಿದರು. ಮರುದಿನ ತರಗತಿಯಲ್ಲಿ ಅವರು ಒಂದು ಹೊಸ ಪಾಠ ಮಾಡಿದರು. ಕರಿಹಲಗೆಯನ್ನು ಎರಡು ಪಾಲು ಮಾಡಿ, ‘ನಿಮ್ಮ ಮನೆಯ ಮಾತು ಹೇಳಿ’ ಎಂದರು. ಹುಡುಗರು ಹೇಳುತ್ತ ಹೋದರು, ಅವರು ಬರೆಯುತ್ತ ಹೋದರು. ಪಾಲ್ ಎಂದರೆ ಹಾಲು. ಪಲ್ಲ್ ಎಂದರೆ ಹಲ್ಲು. ಪೂ ಎಂದರೆ ಹೂ. ಪಂದಿ ಎಂದರೆ ಹಂದಿ. ಪುತ್ತರಿ ಎಂದರೆ ಹುತ್ತರಿ. ಆರನೆಯ ಮಾತಿಗೆ ಬರುವಷ್ಟರಲ್ಲಿ ಮಕ್ಕಳೇ ಸೂತ್ರವನ್ನು ಕಂಡುಹಿಡಿದಿದ್ದರು: ಮನೆಯಲ್ಲಿ ‘ಪ’ ಇದ್ದರೆ ಶಾಲೆಯಲ್ಲಿ ‘ಹ’. ಸೂತ್ರ ಎಲ್ಲೆಡೆಯೂ ಸಲ್ಲದು, ನಿಜ. ‘ಪಾಠ’ವನ್ನು ‘ಹಾಠ’ ಎಂದವರೂ ಅಂದು ಇದ್ದರು. ಆದರೆ ಎರಡು ನುಡಿಗಳ ನಡುವೆ ಒಂದು ಸೇತುವೆ ಇದೆಯೆಂಬುದು ಮಕ್ಕಳಿಗೆ ಗೊತ್ತಾದದ್ದು ಆ ದಿನವೇ.

ಆ ಉಪಾಧ್ಯಾಯರಿಗೆ ಈ ಯುಕ್ತಿ ಹೊಳೆದದ್ದು ಆಕಸ್ಮಿಕವಲ್ಲ. ಅವರ ಮನೆಯ ಮಾತು ತುಳು. ಅವರೂ ಒಂದು ಕಾಲದಲ್ಲಿ ಕನ್ನಡವನ್ನು ಶಾಲೆಯಲ್ಲಿಯೇ ಕಲಿತವರು. ಕನ್ನಡ ನಾಡಿನಲ್ಲಿ ಇಂತಹವರ ಸಂಖ್ಯೆ ದೊಡ್ಡದು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ಕೊಡಗನ್ನು ಹೊಗಳಿ ‘ಹುತ್ತರಿ ಹಾಡು’ ಬರೆದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಅವರು ಹುಟ್ಟಿ ಬೆಳೆದ ಬಂಟ್ವಾಳದ ಬೀದಿಯ ಮಾತು ತುಳು. ಅವರು ಬರೆದದ್ದು ಕನ್ನಡ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಮಕ್ಕಳ ಕನ್ನಡವನ್ನು ಹಸನುಗೊಳಿಸಿದ ಪಂಜೆಯವರೇ ಅದನ್ನು ಹೊಸಿಲು ದಾಟಿ ಕಲಿತವರೆಂಬುದು ನೆನಪಿನಲ್ಲಿಡತಕ್ಕ ಮಾತು.

ಎಲ್ಲ ಮಕ್ಕಳಿಗೂ ಆ ಸೇತುವೆ ಒದಗಲಿಲ್ಲ. ಕರಿಹಲಗೆಯ ಎರಡು ಪಾಲಿನಲ್ಲಿಯೂ ಸ್ಥಳ ಸಿಕ್ಕದೆ ಹೋದ ಮಗುವೊಂದು ಅದೇ ಕೊಠಡಿಯ ಹಿಂದಿನ ಮಣೆಯ ಮೇಲೆ ಕುಳಿತಿತ್ತು. ಅದು ಯರವರ ಹುಡುಗ. ಅವನ ತಂದೆತಾಯಿ ಒಂದು ಗದ್ದೆಮನೆಯ ಆಳುಗಳು. ಯರವರು ತಮ್ಮನ್ನು ರಾವುಳರೆಂದು ಕರೆದುಕೊಳ್ಳುತ್ತಾರೆ. ಅವರ ನುಡಿ ಕನ್ನಡವೂ ಅಲ್ಲ, ಕೊಡವ ತಕ್ಕೂ ಅಲ್ಲ. ತಲೆತಲಾಂತರದಿಂದ ಅವರು ಒಡೆಯರ ಜಮೀನಿಗೆ ಅಂಟಿಕೊಂಡು ದುಡಿದವರು. ಆ ಹುಡುಗ ಮನೆಯಲ್ಲಿ ಒಂದು ಭಾಷೆ, ಒಡೆಯನ ಅಂಗಳದಲ್ಲಿ ಇನ್ನೊಂದು ಭಾಷೆ, ಶಾಲೆಯಲ್ಲಿ ಮೂರನೆಯ ಭಾಷೆ ಕೇಳಬೇಕಾಗಿತ್ತು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನು ಮಾತನ್ನೇ ನಿಲ್ಲಿಸಿದ್ದ. ಹಾಜರಿ ಕರೆದರೆ ಎದ್ದು ನಿಲ್ಲುವನು, ಅಷ್ಟೇ. ಅವನು ಹಕ್ಕಿಯ ಕೂಗನ್ನು ಕೇಳಿಯೇ ಅದರ ಹೆಸರು ಹೇಳಬಲ್ಲವನು, ನೆಲದ ಮೇಲಿನ ಹೆಜ್ಜೆಯಿಂದ ಪ್ರಾಣಿಯನ್ನು ಗುರುತಿಸಬಲ್ಲವನು. ನರಿ ಎಂದರೆ ಯಾವುದು, ಹುಲಿ ಎಂದರೆ ಯಾವುದು ಎಂಬುದನ್ನು ಆ ಕೊಠಡಿಯಲ್ಲಿ ಅವನಷ್ಟು ಬಲ್ಲವರು ಇರಲಾರರು. ಆದರೆ ಅವನನ್ನು ಕೇಳುವ ಭಾಷೆ ಯಾರಿಗೂ ಬರುತ್ತಿರಲಿಲ್ಲ. ವರ್ಷದ ಕೊನೆಯಲ್ಲಿ ಅವನ ಹೆಸರಿನ ಮುಂದೆ ‘ಮಂದ’ ಎಂದು ಬರೆಯಲಾಯಿತು. ಎರಡನೆಯ ತರಗತಿಯಲ್ಲಿ, ಕಾಫಿ ಕೊಯ್ಲಿನ ದಿನಗಳಲ್ಲಿ, ಅವನು ತಾಯಿಯ ಜೊತೆ ತೋಟಕ್ಕೆ ಹೋದವನು ಮತ್ತೆ ಶಾಲೆಗೆ ಬರಲಿಲ್ಲ. ಯಾರೂ ಹುಡುಕಿಕೊಂಡು ಹೋಗಲೂ ಇಲ್ಲ.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಭಾಷೆ ಬಾರದ ಮಗುವಿಗೂ ಬುದ್ಧಿ ಇಲ್ಲದ ಮಗುವಿಗೂ ಇರುವ ವ್ಯತ್ಯಾಸ ಹೊರಗಿನಿಂದ ಕಾಣುವುದಿಲ್ಲ. ಎರಡೂ ಮೌನವಾಗಿಯೇ ಇರುತ್ತವೆ. ಐನ್ ಮನೆಯ ಹುಡುಗನ ಮೌನಕ್ಕೆ ಅರ್ಥವಿದೆಯೆಂದು ತಿಳಿಯಲು ಉಪಾಧ್ಯಾಯರು ಒಂದೂವರೆ ಮೈಲಿ ನಡೆದರು. ಯರವರ ಪಾಡಿಗೆ ಹೋಗುವ ದಾರಿ ಅದಕ್ಕಿಂತ ದೂರದ್ದೇನಲ್ಲ. ಮುಂದೆ ಸರ್ಕಾರವು ಇಂತಹ ಮಕ್ಕಳಿಗಾಗಿ ಆಶ್ರಮ ಶಾಲೆಗಳನ್ನು ತೆರೆಯಿತು. ಊಟ, ಬಟ್ಟೆ, ಪುಸ್ತಕ ಸಿಕ್ಕಿದವು. ಪುಸ್ತಕದ ಭಾಷೆ ಮಾತ್ರ ಹಿಂದಿನದೇ ಆಗಿತ್ತು.

ಅರೆಭಾಷೆಯ ಮಕ್ಕಳ ಕಷ್ಟ ಇನ್ನೊಂದು ಬಗೆಯದು. ಕೊಡಗಿನ ಮತ್ತು ಸುಳ್ಯದ ಕಡೆಯ ಗೌಡ ಮನೆತನಗಳವರು ಆಡುವ ಈ ನುಡಿ ಕನ್ನಡದ ಒಡಹುಟ್ಟು. ಕೇಳಿದರೆ ಕನ್ನಡವೇ ಎನಿಸುತ್ತದೆ. ಆದ್ದರಿಂದಲೇ ಶಾಲೆಯಲ್ಲಿ ಅದನ್ನು ಬೇರೊಂದು ನುಡಿಯೆಂದು ಯಾರೂ ಎಣಿಸುತ್ತಿರಲಿಲ್ಲ, ತಪ್ಪು ಕನ್ನಡವೆಂದು ತಿದ್ದುತ್ತಿದ್ದರು. ದೂರದ ನೆಂಟನಿಗೆ ಸಿಕ್ಕುವ ಮರ್ಯಾದೆ ಹತ್ತಿರದವನಿಗೆ ಸಿಕ್ಕುವುದಿಲ್ಲವಷ್ಟೆ. ಹೆಸರಿನಲ್ಲಿಯೇ ‘ಅರೆ’ ಎಂದಿರುವ ನುಡಿಯನ್ನು ಆಡುವ ಮಗು ತನ್ನ ಮಾತು ಪೂರ್ಣವಾದುದೆಂದು ಹೇಗೆ ನಂಬೀತು? ಆ ನುಡಿಗೆ 2011ರಲ್ಲಿ ಒಂದು ಅಕಾಡೆಮಿ ದೊರೆಯಿತು. ಕೊಡವ ಸಾಹಿತ್ಯ ಅಕಾಡೆಮಿ 1994ರಲ್ಲಿಯೇ ಬಂದಿತ್ತು.

ಕೊಡವ ಹುಡುಗನ ಕತೆ ಮುಂದುವರಿಯಿತು. 1962ರಲ್ಲಿ ಅವನು ಹನ್ನೆರಡು ವರ್ಷದವನು. ಅವನ ಚಿಕ್ಕಪ್ಪ ಸೈನ್ಯದಲ್ಲಿದ್ದರು. ಕೊಡಗಿನಲ್ಲಿ ಸೈನ್ಯಕ್ಕೆ ಮಗನನ್ನು ಕಳುಹಿಸದ ಮನೆ ಅಪರೂಪ. ಆ ವರ್ಷದ ಅಕ್ಟೋಬರಿನಲ್ಲಿ ಚೀನದೊಡನೆ ಯುದ್ಧ ಆರಂಭವಾದಾಗ ಅವರು ಈಶಾನ್ಯದ ಗಡಿಯಲ್ಲಿದ್ದರು. ಮೂರು ವಾರ ಕಾಗದವಿರಲಿಲ್ಲ. ಅಜ್ಜಿ ದಿನವೂ ನಡುಮನೆಯ ದೀಪದ ಮುಂದೆ ಕುಳಿತಿರುತ್ತಿದ್ದರು. ಕೊನೆಗೊಂದು ದಿನ ಕಾಗದ ಬಂತು. ಅಜ್ಜಿಗೆ ಓದು ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಹುಡುಗನೇ ಓದಬೇಕು, ಓದುತ್ತ ಓದುತ್ತಲೇ ತಕ್ಕಿಗೆ ತಿರುಗಿಸಿ ಹೇಳಬೇಕು.

ಕಾಗದವು ರೂಢಿಯಂತೆ ಕನ್ನಡದಲ್ಲಿತ್ತು. ‘ಪೂಜ್ಯ ಮಾತೃಶ್ರೀಯವರ ಪಾದಾರವಿಂದಗಳಿಗೆ’ ಎಂದು ಆರಂಭವಾಗಿ, ತಾನು ಕ್ಷೇಮವೆಂದೂ ಅವರ ಕ್ಷೇಮಕ್ಕೆ ಬರೆಯಿಸಬೇಕೆಂದೂ ಮುಂದುವರಿದಿತ್ತು. ‘ತಾವು ಆರೋಗ್ಯದಿಂದ ಇರಬೇಕು’ ಎಂಬ ಮಾತನ್ನು ಹುಡುಗ ಬಹುವಚನದಲ್ಲಿಯೇ ತಿರುಗಿಸಿ ಹೇಳಿದ. ಅಜ್ಜಿ ತಡೆದು ಕೇಳಿದರು: ‘ನನ್ನ ಜೊತೆಗೆ ಇನ್ನು ಯಾರು ಯಾರು ಆರೋಗ್ಯವಾಗಿರಬೇಕಂತೆ?’

‘ನೀನೊಬ್ಬಳೇ, ತಾಯಿ. ಕನ್ನಡದಲ್ಲಿ ಹಾಗೆ ಬರೆಯುವುದು.’

ಇಲ್ಲಿ ಒಂದು ಮಾತು ಹೇಳಬೇಕು. ಕೊಡವ ತಕ್ಕಿನಲ್ಲಿ ಹೆತ್ತವಳು ‘ಅವ್ವ’. ‘ತಾಯಿ’ ಎಂದರೆ ಅಜ್ಜಿ. ‘ತಾಯ್ನುಡಿ’ ಎಂಬ ಮಾತನ್ನು ಆ ಹುಡುಗ ಮೊದಲ ಸಲ ಪುಸ್ತಕದಲ್ಲಿ ಓದಿದಾಗ, ಅದು ಅಜ್ಜಿಯ ಮಾತೆಂದೇ ತಿಳಿದಿದ್ದ. ಅವನ ತಿಳಿವಳಿಕೆಯಲ್ಲಿ ಅಂತಹ ತಪ್ಪೇನೂ ಇರಲಿಲ್ಲ.

ಕಾಗದವನ್ನು ಅಜ್ಜಿ ಎರಡನೆಯ ಸಲ ಓದಿಸಿದರು. ಆಮೇಲೆ, ‘ಇದು ಅವನ ಮಾತಲ್ಲ. ಬೇರೆ ಯಾರೋ ಬರೆದಿದ್ದಾರೆ. ಅವನ ಕೈಗೆ ಏನಾಗಿದೆ?’ ಎಂದು ಅಳತೊಡಗಿದರು. ಅಕ್ಷರ ಚಿಕ್ಕಪ್ಪನದೇ ಎಂದು ಹುಡುಗ ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ಮಗ ಅವರನ್ನು ಮಾತೃಶ್ರೀ ಎಂದು ಕರೆದವನಲ್ಲ, ಪಾದಾರವಿಂದ ಎಂದವನಲ್ಲ. ಕಾಗದದಲ್ಲಿ ಮಗನ ಕ್ಷೇಮವಿತ್ತು, ಮಗನಿರಲಿಲ್ಲ.

ಆ ರಾತ್ರಿ ಉತ್ತರ ಬರೆಯಲು ಕುಳಿತಾಗ ಹುಡುಗನಿಗೆ ಒಂದು ಬುದ್ಧಿ ತೋಚಿತು. ಅಜ್ಜಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸದೆ, ಅವರು ಆಡಿದ ಹಾಗೆಯೇ, ತಕ್ಕಿನಲ್ಲಿಯೇ, ಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ಬರೆದರೆ ಹೇಗೆ? ಪುತ್ತರಿಗೆ ಬರಲಾಗುವುದೋ ಇಲ್ಲವೋ, ಕೆಂಚು ದನ ಕರು ಹಾಕಿತು, ಹಿತ್ತಲಿನ ಕಿತ್ತಳೆಯ ಮರಕ್ಕೆ ರೋಗ ಬಂದಿದೆ, ಚಳಿಗೆ ಎದೆ ಮುಚ್ಚಿಕೊಂಡಿರು. ಬರೆಯಲು ಹೊರಟ ಮೇಲೆ ಕಷ್ಟ ಗೊತ್ತಾಯಿತು. ಕೆಲವು ಸ್ವರಗಳಿಗೆ ಅಕ್ಷರವೇ ಇಲ್ಲ! ಇಕಾರವೂ ಅಲ್ಲ, ಉಕಾರವೂ ಅಲ್ಲ, ನಾಲಗೆಯನ್ನು ನಡುಬಾಯಿಯಲ್ಲಿ ನಿಲ್ಲಿಸಿ ಆಡುವ ಒಂದು ಸ್ವರ. ಎಕಾರಕ್ಕೂ ಅಂತಹದೇ ಒಂದು ಜೊತೆ. ‘ತಕ್ಕು’ ಎಂಬ ಮಾತಿನ ಕೊನೆಯ ಸ್ವರವೇ ಅದು. ಅದನ್ನು ತಕ್ಕು ಎಂದು ಬರೆದರೂ ಸರಿಯಲ್ಲ, ತಕ್ಕಿ ಎಂದರೂ ಸರಿಯಲ್ಲ, ತಕ್ಕ್ ಎಂದು ಅರ್ಧಕ್ಕೆ ನಿಲ್ಲಿಸಿದರೂ ಪೂರ್ತಿ ಸರಿಯಲ್ಲ. ತನ್ನ ಹೆಸರನ್ನು ತಾನೇ ಬರೆದುಕೊಳ್ಳಲಾರದ ಭಾಷೆ! ಹುಡುಗ ಕೊನೆಗೆ ಅಂತಹ ಅಕ್ಷರಗಳ ನೆತ್ತಿಯ ಮೇಲೆ ಒಂದೊಂದು ಚುಕ್ಕೆಯಿಟ್ಟು ಕಾಗದವನ್ನು ಮುಗಿಸಿದ.

ತಾನೊಬ್ಬನೇ ಈ ತೊಡಕಿನಲ್ಲಿ ಸಿಕ್ಕಿದವನೆಂದು ಅವನು ತಿಳಿದಿದ್ದ. ಆದರೆ ಅವನಿಗಿಂತ ಹಿಂದೆ ದೊಡ್ಡವರು ಆ ದಾರಿಯಲ್ಲಿ ನಡೆದಿದ್ದರು. ಹರದಾಸ ಅಪ್ಪಚ್ಚಕವಿ 1906ರಲ್ಲಿ ಕೊಡವ ತಕ್ಕಿನಲ್ಲಿ ಯಯಾತಿಯ ನಾಟಕವನ್ನು ಬೆಳಕಿಗೆ ತಂದರು. ಅದರ ಲಿಪಿ ಕನ್ನಡ. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ತಿರುಗಿ ಸಂಗ್ರಹಿಸಿದ ಹಾಡುಗಳನ್ನೂ ಕಟ್ಟುಕಟ್ಟಳೆಗಳನ್ನೂ ‘ಪಟ್ಟೋಲೆ ಪಳಮೆ’ ಎಂಬ ಹೆಸರಿನಲ್ಲಿ 1924ರಲ್ಲಿ ಪ್ರಕಟಿಸಿದರು. ಅದರ ಲಿಪಿಯೂ ಕನ್ನಡ. ಅಂದಿನವರೆಗೆ ಹಾಡುಗಾರರ ನಾಲಗೆಯ ಮೇಲೆ ಮಾತ್ರ ಇದ್ದ ಸಂಪತ್ತು ಕಾಗದದ ಮೇಲೆ ಇಳಿದದ್ದು ಶಾಲೆಯಲ್ಲಿ ಕಲಿತ ಅಕ್ಷರಗಳ ನೆರವಿನಿಂದ. ಈ ಭಾಷೆಯ ವ್ಯಾಕರಣವನ್ನು ಕೋಲ್ ಎಂಬ ಇಂಗ್ಲಿಷ್ ಅಧಿಕಾರಿ 1867ರಲ್ಲಿಯೇ ಬರೆದಿದ್ದ. ಆ ನಡುಬಾಯಿಯ ಸ್ವರಗಳನ್ನು ಕುರಿತು ಎಮೆನೋ ಎಂಬ ಭಾಷಾವಿದ್ವಾಂಸರು 1970ರಲ್ಲಿ ಒಂದು ಲೇಖನವನ್ನೇ ಬರೆದರು. ಹುಡುಗ ಚುಕ್ಕೆಯಿಟ್ಟು ಎಂಟು ವರ್ಷಗಳಾಗಿದ್ದವು.

ಚಿಕ್ಕಪ್ಪನ ಉತ್ತರ ಬಂದದ್ದು ಪುತ್ತರಿ ಕಳೆದು ಕೆಲವು ದಿನಗಳ ಮೇಲೆ. ಆ ವೇಳೆಗೆ ಯುದ್ಧ ನಿಂತಿತ್ತು. ಅದೂ ತಕ್ಕಿನಲ್ಲಿಯೇ ಇತ್ತು. ಸಾಲುಗಳು ಓರೆ, ಕಾಗುಣಿತ ಮನಸ್ಸಿಗೆ ಬಂದಂತೆ. ಆದರೆ ಮೊದಲ ಸಾಲಿನಲ್ಲಿಯೇ ಮಗ ತಾಯಿಯನ್ನು ಏಕವಚನದಲ್ಲಿ ಗದರಿಸಿದ್ದ, ಅಳಬೇಡವೆಂದು. ಅಜ್ಜಿ ಅದನ್ನು ಎಷ್ಟು ಸಲ ಓದಿಸಿಕೊಂಡರೋ ಲೆಕ್ಕವಿಲ್ಲ.

ಹುಡುಗ ವಿರಾಜಪೇಟೆಯ ಪ್ರೌಢಶಾಲೆಗೆ ಸೇರಿದಾಗ ಇನ್ನೊಂದು ಆಶ್ಚರ್ಯ ಕಾದಿತ್ತು. ಅಲ್ಲಿ ಹಳಗನ್ನಡದ ಪದ್ಯಗಳಿದ್ದವು. ಪಂಪನ ಹೆಸರು ಕೇಳಿದೊಡನೆಯೇ ತರಗತಿ ನಡುಗುತ್ತಿತ್ತು. ಆದರೆ ಪದಗಳ ಅರ್ಥವನ್ನು ಕರಿಹಲಗೆಯ ಮೇಲೆ ಬರೆಯುತ್ತ ಪಂಡಿತರು, ಪಾಲ್ ಎಂದರೆ ಹಾಲು, ಪೂ ಎಂದರೆ ಹೂ, ಪಲ್ ಎಂದರೆ ಹಲ್ಲು ಎಂದಾಗ ಹುಡುಗ ಬೆಚ್ಚಿಬಿದ್ದ. ಇವು ಅವನ ಮನೆಯ ಮಾತುಗಳು! ಸಾವಿರ ವರ್ಷಗಳ ಹಿಂದೆ ಕನ್ನಡವೂ ಪಕಾರವನ್ನೇ ಆಡುತ್ತಿತ್ತು. ಮುಂದಿನ ಶತಮಾನಗಳಲ್ಲಿ ಅದು ಹಕಾರವಾಗಿ ತಿರುಗಿತು. ಕೊಡವ ತಕ್ಕು ತಿರುಗಲಿಲ್ಲ. ಕೂಳು ಎಂಬ ಮಾತಿಗೂ ಹಳಗನ್ನಡದಲ್ಲಿ ಹೀನಾರ್ಥವಿರಲಿಲ್ಲ. ಅದು ಉಣ್ಣುವ ಅನ್ನ, ಅಷ್ಟೆ. ಒಂದನೆಯ ತರಗತಿಯಲ್ಲಿ ಕಿಸಕ್ಕನೆ ನಕ್ಕವರಲ್ಲಿ ಒಬ್ಬ ಅವನ ಪಕ್ಕದಲ್ಲಿಯೇ ಕುಳಿತು ಆ ಪದಗಳನ್ನು ಕಷ್ಟಪಟ್ಟು ಬಾಯಿಪಾಠ ಮಾಡುತ್ತಿದ್ದ.

ಹೀಗೆಂದ ಮಾತ್ರಕ್ಕೆ ಕೊಡವ ತಕ್ಕು ಹಳಗನ್ನಡವೆಂದು ತಿಳಿಯಬಾರದು. ಅದು ದ್ರಾವಿಡ ಬಳಗದ ಒಂದು ಸ್ವತಂತ್ರ ಭಾಷೆ. ಕನ್ನಡಕ್ಕೆ ಸೋದರಿ, ಮಗಳಲ್ಲ. ಹಳಗನ್ನಡವೂ ತಕ್ಕೂ ಒಂದೇ ಹಿರಿಯ ಮನೆಯ ಪಾತ್ರೆಗಳನ್ನು ಹಂಚಿಕೊಂಡವು. ಒಂದು ಮನೆಯಲ್ಲಿ ಅವು ಹೊಸ ರೂಪ ಪಡೆದವು, ಇನ್ನೊಂದರಲ್ಲಿ ಹಾಗೆಯೇ ಉಳಿದವು.

ಆ ಹುಡುಗನಿಗೆ ಈಗ ಎಪ್ಪತ್ತೈದು ದಾಟಿದೆ. ಅವನ ಮಕ್ಕಳ ಕಾಲಕ್ಕೆ ಶಾಲೆಯ ಭಾಷೆ ಇಂಗ್ಲಿಷಾಯಿತು. ಮೊಮ್ಮಕ್ಕಳ ಕಾಲಕ್ಕೆ ಮನೆಯ ಭಾಷೆಯೂ ಅದೇ ಆಯಿತು. ಕನ್ನಡ ಶಾಲೆ ನೂರು ವರ್ಷಗಳಲ್ಲಿ ಮಾಡದ ಕೆಲಸವನ್ನು ಊಟದ ಮೇಜು ಇಪ್ಪತ್ತು ವರ್ಷಗಳಲ್ಲಿ ಮಾಡಿತು. 2001ರ ಜನಗಣತಿಯಲ್ಲಿ ಕೊಡವ ತಕ್ಕನ್ನು ತಮ್ಮ ಮಾತೃಭಾಷೆಯೆಂದು ಬರೆಯಿಸಿದವರು ಇಡೀ ದೇಶದಲ್ಲಿ 1,66,187 ಮಂದಿ. 2011ರಲ್ಲಿ 1,13,857 ಮಂದಿ. ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಯುನೆಸ್ಕೊ ಸಂಸ್ಥೆ ಇದನ್ನೂ ಸೇರಿಸಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ಹೇಳುವ 350ಎ ವಿಧಿ ನಮ್ಮ ಸಂವಿಧಾನದಲ್ಲಿದೆ. ಅದು ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು, ಕೊಡಗು ಮೈಸೂರಿನಲ್ಲಿ ಸೇರಿದ ದಿನವೇ. ಆದರೆ ವಿಧಿ ಶಾಲೆಯ ಬಾಗಿಲನ್ನು ತೆರೆಯಬಲ್ಲದು. ಅಡಿಗೆಮನೆಯಲ್ಲಿ ಏನು ಮಾತನಾಡಬೇಕೆಂದು ಹೇಳಲಾರದು.

ಅವರ ಮೊಮ್ಮಗಳೊಬ್ಬಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಅವಳಿಗೆ ತಕ್ಕು ಕೇಳಿದರೆ ತಿಳಿಯುತ್ತದೆ, ಆಡಲು ಬಾರದು. ಕನ್ನಡದ ಅಕ್ಷರಗಳು ಬರುತ್ತವೆ. ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಕನ್ನಡ ಕಲಿಸಬೇಕೆಂಬ 2015ರ ಕಾನೂನಿನ ದೆಸೆಯಿಂದ ಅವಳ ಶಾಲೆಯಲ್ಲಿ ಅದು ಎರಡನೆಯ ಭಾಷೆ. ಅಜ್ಜ ಇದನ್ನು ತಿಳಿದು ತಿಂಗಳಿಗೊಂದು ಕಾಗದ ಬರೆಯತೊಡಗಿದ್ದಾರೆ, ತಕ್ಕಿನಲ್ಲಿ, ಕನ್ನಡದ ಅಕ್ಷರಗಳಲ್ಲಿ, ಬೇಕಾದ ಕಡೆ ನೆತ್ತಿಯ ಮೇಲೆ ಚುಕ್ಕೆಯಿಟ್ಟು. ಅವಳು ಅದನ್ನು ಭಾನುವಾರ ದೂರವಾಣಿಯಲ್ಲಿ ಗಟ್ಟಿಯಾಗಿ ಓದಬೇಕು. ಕಳೆದ ಸಲ ಮೊದಲ ಚುಕ್ಕೆಯ ಬಳಿ ನಿಂತು, ‘ಇದು ಮುದ್ರೆಯ ತಪ್ಪೆ?’ ಎಂದು ಕೇಳಿದಳು. ಅಲ್ಲವೆಂದು ಅಜ್ಜ ಆ ಸ್ವರವನ್ನು ಆಡಿ ತೋರಿಸಿದರು. ಅವಳು ಇಕಾರ ಆಡಿದಳು. ಇನ್ನೊಮ್ಮೆ ತೋರಿಸಿದರು, ಉಕಾರ ಆಡಿದಳು. ನಾಲಗೆಯನ್ನು ಹಿಂದಕ್ಕೂ ಕೊಂಡೊಯ್ಯಬೇಡ, ಮುಂದಕ್ಕೂ ತರಬೇಡ, ನಡುವೆ ನಿಲ್ಲಿಸು ಎಂದರು. ಮೂರನೆಯ ಸಲಕ್ಕೆ ಅದು ಬಂತು. ಅಜ್ಜ ಮುಂದಿನ ಸಾಲನ್ನು ಓದು ಎಂದರು.